ರಾತ್ರಿ ಆನೆ

ಬೇಕಾದ ಸಾಮಾನು:
ಮೊಟ್ಟೆ ಟ್ರೇ ಎರಡು, ಮುಕ್ಕಾದದ್ದಾದರೂ ಸರಿ.
ಮೈದಾ ಗಂಜಿ ಒಂದು ಲೋಟ.
ಹಳೆಯ ಲಗ್ನಪತ್ರಿಕೆ, ದಪ್ಪನೆಯದು,
ಮಗ್ಗೆಯ ಸಾಹುಕಾರರ ಮನೆಯದು ಸಿಕ್ಕರೆ ಇನ್ನೂ ಒಳ್ಳೆಯದು.
ಸಿಲ್ವರ್ ಮರದ ಉದುರೆಲೆ, ಒಂದು ಮಡಿಲು.
ಕತ್ತರಿ ಒಂದೇ. ಅದು ನನ್ನ ಕೈಯಲ್ಲಿ.

ಸುತ್ತೋಲೆಯಲ್ಲಿ ಇದ್ದದ್ದು ಎರಡೇ ಮಾತು:
ಈ ತಿಂಗಳು ಪ್ರಾಣಿಗಳು. ಸರಳವಾಗಿರಲಿ.

ಸರಳವಾಗೇ ಶುರು ಮಾಡಿದೆವು.
ಎಲೆ ಮಗುಚಿದರೆ ಬೆಳ್ಳಿ, ಹಾಗಾಗಿ ಕೊಕ್ಕರೆ.
ಆಲೂಗೆಡ್ಡೆಗೆ ಪೊರಕೆಕಡ್ಡಿ ಚುಚ್ಚಿದರೆ ಮುಳ್ಳುಹಂದಿ.
"ಮಿಸ್, ಇದು ನಮ್ ಗೆಡ್ಡೆ ಎಲ್ಲಾ ತಿಂದಿತ್ತು," ಅಂದ ಲೋಹಿತ್,
"ಈಗ ಅದೇ ಗೆಡ್ಡೆ ಆಗೋಯ್ತು."
ಮೂರೂವರೆ ವರ್ಷ. ನ್ಯಾಯ ತೀರಿಸಿದ ಮುಖ.

ಬೆಕ್ಕಿಗೆ ಮೀಸೆ ಬೇಕಿತ್ತು.
ಉಪ್ಪಿಟ್ಟು ತಳ ಹಿಡೀತದೆ ಎಂದು ಎದ್ದ ದ್ಯಾವೀರಮ್ಮ
ಸೆರಗಿನಂಚಿನ ನೂಲು ಎಳೆದು ಕೊಟ್ಟು,
ಇನ್ನೊಂದು ಬೆಕ್ಕಿಗೂ ಎಳೆಯುತ್ತ ಅಲ್ಲೇ ಕೂತಳು.
ಉಪ್ಪಿಟ್ಟು ತಳ ಹಿಡಿಯಿತು.

ಆಮೇಲೆ ಆನೆ.
ನನಗೆ ಬರುವ ಆನೆ ಒಂದೇ:
ಟ್ರೇಯ ನಾಲ್ಕು ಗುಳಿ, ನಾಲ್ಕು ಕಾಲು.
ಲಗ್ನಪತ್ರಿಕೆಯ ಪಟ್ಟಿಯನ್ನು ಪೆನ್ಸಿಲಿಗೆ ಸುತ್ತಿ ಬಿಟ್ಟರೆ ಸೊಂಡಿಲು.
ಬೆನ್ನಿಗೆ ಕೆಂಪು ಜೂಲು, ಹಣೆಗೆ ಚಮಕಿ, ನಗುವ ಬಾಯಿ.
ಹಾಸನದ ಟ್ರೈನಿಂಗಿನಲ್ಲಿ ಚಪ್ಪಾಳೆ ಬಿದ್ದ ಆನೆ.

ಮಕ್ಕಳು ಸುಮ್ಮನೆ ನೋಡಿದರು.
"ಇದು ಯಾವೂರಿಂದು ಮಿಸ್?"

ಲೋಹಿತ್ ತನ್ನದರ ಕೊರಳಿಗೆ ಹಾಲಿನ ಪ್ಯಾಕೆಟ್ಟಿನ ಪಟ್ಟಿ ಕಟ್ಟಿದ.
ಕಾಲರು. ಫಾರೆಸ್ಟಿನೋರು ಹಾಕಿದ್ದಂತೆ.
ಯಶಿಕಾ ತಾಯಿಯ ಹೊಟ್ಟೆಯಡಿ ಗುಂಡಿಯಷ್ಟು ಮರಿ ಅಂಟಿಸಿ
ಹತ್ರ ಹೋಗ್ಬಾರ್ದು, ಅಟ್ಟಿಸ್ಕೊಂಡು ಬತ್ತದೆ
ಎಂದು ನನಗೇ ಬುದ್ಧಿ ಹೇಳಿದಳು.
ಒಬ್ಬನ ಆನೆಗೆ ಬಾಲ ಮೋಟು. ಕಾಗದ ಸಾಲಲಿಲ್ವಾ ಅಂದರೆ,
ಅದು ಇರೋದೇ ಹಂಗೆ.

ಮೂಲೆಯಲ್ಲಿ ಸಫೂರಾ. ಮಾತು ಕಮ್ಮಿ.
ಅಪ್ಪ ರಾತ್ರಿ ತೋಟದ ಕಾವಲಿಗೆ ಹೋಗುವವನು.
ಟ್ರೇ ಮುಟ್ಟಿರಲಿಲ್ಲ, ಗಂಜಿ ಮುಟ್ಟಿರಲಿಲ್ಲ.
ಮುಂದೆ ಒಂದು ಕಪ್ಪು ಹಾಳೆ,
ಅದರ ಮೇಲೆ ಹರಿದಿಟ್ಟ ಎರಡು ಬಿಳಿ ಚೂರು.
"ಆನೆ ಮಾಡಲ್ವಾ ಪುಟ್ಟಿ?"
"ಮಾಡಿದೀನಿ."
"ಎಲ್ಲಿ?"
ಪಾಪ, ಈ ಮಿಸ್ಸಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ ನೋಡಿ,
"ರಾತ್ರಿ ಆನೆ. ಕೊಂಬು ಮಾತ್ರ ಕಾಣ್ತದೆ.
ಮಿಕ್ಕಿದ್ದೆಲ್ಲಾ ಸದ್ದು."

ಹನ್ನೊಂದು ವರ್ಷದಿಂದ ಇದೇ ಕೆಲಸ ನನ್ನದು.
ಸದ್ದಿಗೆ ಯಾವ ಬಣ್ಣದ ಹಾಳೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹನ್ನೆರಡಕ್ಕೆ ಫೋನು ನಡುಗಿತು:
ಕೆರೆ ಪಕ್ಕದ ತೋಟದಲ್ಲಿ ಐದು, ಯಾರೂ ಹೊರಗೆ ಬರಬೇಡಿ.
ಚಿಲಕ ಹಾಕುವ ಮುಂಚೆಯೇ
ಹದಿನಾಲ್ಕು ಮಕ್ಕಳು ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದರು.
ನಾನು ಯಾವತ್ತು ಹೇಳಿದರೂ ಇಡದ ಬೆರಳು.

ಕಿಟಕಿ ಕಟ್ಟೆಯ ಮೇಲೆ ನಮ್ಮ ಆನೆಗಳು ಒಣಗುತ್ತಿದ್ದವು.
ಲೋಹಿತ್ ಕುಕ್ಕರಗಾಲಲ್ಲಿ ಹೋಗಿ
ಒಂದೊಂದನ್ನೇ ಒಳಮುಖಕ್ಕೆ ತಿರುಗಿಸಿ ಬಂದ.
ಯಾಕೆಂದು ಕೇಳಲಿಲ್ಲ. ಪಿಸುಮಾತಿನಲ್ಲೂ ಕೇಳಲಿಲ್ಲ.
ದೂರದಲ್ಲಿ ಎಲ್ಲೋ ಕೊಂಬೆ ಮುರಿಯಿತು.
ಸಫೂರಾ ತನ್ನ ಹಾಳೆ ನೋಡಿ ತಲೆಯಾಡಿಸಿದಳು:
ಹೇಳಲಿಲ್ವಾ?

ಎರಡೂವರೆಗೆ ಜೀಪು ಬಂತು. ಎಲ್ಲರೂ ಮನೆ ಸೇರಿದರು.

ಬೆಳಿಗ್ಗೆ ಬಾಗಿಲು ತೆಗೆದರೆ
ಗಂಜಿಗೆ ಇರುವೆ ಮುತ್ತಿ ನನ್ನ ಆನೆಯ ಸೊಂಡಿಲು ನೆಲದ ಮೇಲೆ,
"ತಮ್ಮ ಸುಖಾಗಮನವನ್ನು" ಎಂಬಲ್ಲಿಗೆ ಬಿಚ್ಚಿಕೊಂಡು.
ಕಪ್ಪು ಹಾಳೆ ಮಾತ್ರ ಇಟ್ಟಲ್ಲೇ ಇತ್ತು.
ಅಂಟಿಸಿರದ ಆ ಚೂರುಗಳು ಯಾವ ಗಾಳಿಗೋ.

ಸೂಪರ್‌ವೈಸರಿಗೆ ಫೋಟೋ ಕಳಿಸಬೇಕು.
"ಆನೆ ಎಲ್ಲಿ ಸಫೂರಾ?"
ಚಪ್ಪಲಿ ಬಿಡುತ್ತ, ಹಿಂತಿರುಗಿಯೂ ನೋಡದೆ,
"ಹೋಯ್ತು," ಅಂದಳು,
ಒಳ್ಳೆ ಸುದ್ದಿ ಹೇಳುವ ದನಿಯಲ್ಲಿ.