ತೂತು

ಮಂಡಿಪೇಟೆಯ ನಂಬರ್ ಪ್ಲೇಟ್ ಅಂಗಡಿಯಲ್ಲಿ
ಕೊಟ್ರಯ್ಯ ನನ್ನ ರಿಮೋಟ್ ಕಾರಿನ
ಗಾಜಿನಂಥ ಬಾಡಿಯನ್ನು ಬಲ್ಬಿಗೆ ಹಿಡಿದ.
ಬಾನೆಟ್ಟಿನಿಂದ ಬಾಗಿಲವರೆಗೆ ಬಿರುಕು,
ಕೂದಲೆಳೆ.

"ಫೆವಿಕ್ವಿಕ್ ಹಾಕಿದ್ಯೇನಲೇ?"
ಬಿಳಿಚಿಕೊಂಡಿತ್ತು. ಸುಳ್ಳು ಹೇಳುವಂತಿರಲಿಲ್ಲ.

ಬಿರುಕಿನ ತುದಿ ಹುಡುಕಿ
ಡ್ರಿಲ್ ಇಟ್ಟು ತೂತು ಕೊರೆದುಬಿಟ್ಟ!
ಎದೆ ಧಸಕ್ಕೆಂದಿತು.
"ಇನ್ನು ಮುಂದಕ್ಕೆ ಹೋಗಲ್ಲ ನೋಡು" ಅಂದ,
ಒಳಗಿಂದ ಜಾಳಿಗೆ ಪಟ್ಟಿಯಿಟ್ಟು
ಚಪ್ಪಲಿ ಅಂಟು ಬೆರಳಲ್ಲೇ ಸವರುತ್ತ.

ಬಣ್ಣವೂ ಒಳಗಿಂದಲೇ:
ಮೊದಲು ಅಕ್ಷರ, ಆಮೇಲೆ ಮೈ.
'ಕಾಳಿಂಗ' ಎಂದು ಉಲ್ಟಾ ಬರೆಯುವಾಗ
ನಲವತ್ತು ವರ್ಷ ಬೋರ್ಡು ಬರೆದ ಕೈ
'ಳಿ'ಯ ಹತ್ತಿರ ಒಮ್ಮೆ ತಡೆಯಿತು.
ಗಾಳಿಯಲ್ಲಿ ಬರೆದು ನೋಡಿ, ಮುಂದುವರಿದ.

ಭಾನುವಾರ, ಮುಚ್ಚಿದ ಕಾಟನ್ ಮಿಲ್ಲಿನ ಅಂಗಳ.
ಮತ್ತೆ ಅದೇ ಗೋಡೆಗೆ ಗುದ್ದಿದೆ.
ಎತ್ತಿ ನೋಡಿದರೆ ಬೇರೆ ಕಡೆ ಹೊಸ ಬಿರುಕು.
ಹಳೆಯದು
ತೂತಿನ ಬಾಯಲ್ಲಿ ಸುಮ್ಮನೆ ಕೂತಿತ್ತು.