ಗುರುವಾರ ಹತ್ತು ಗಂಟೆಗೆ

ಮೂರು ತಿಂಗಳಿಗೊಮ್ಮೆ ಪತ್ರ ಬರುತ್ತದೆ:
ಗುರುವಾರ ಹತ್ತು ಗಂಟೆಗೆ ತಪಾಸಣೆ.
ನೀವು ಇರಲೇಬೇಕೆಂದಿಲ್ಲ, ಬೀಗದ ಕೈ ನಮ್ಮಲ್ಲಿದೆ.
ಆ ಕೊನೆಯ ಸಾಲು ಓದಿದಾಗಲೆಲ್ಲ
ಇಲ್ಲದ ಸೆರಗು ಸರಿಮಾಡಿಕೊಳ್ಳುತ್ತೇನೆ.

ಟೂವೂಂಬಾದ ಮಣ್ಣು ಕೆಂಪು,
ಎಷ್ಟು ಒಗೆದರೂ ಕಾಲುಚೀಲ ಬಿಡದ ಹಟದ ಕೆಂಪು.
ನಾನು ಗದಗಿನ ಕಡೆಯ ಎರೆಮಣ್ಣಿನವಳು;
ನಮ್ಮದು ಮೆತ್ತಿಕೊಂಡರೂ ಒಣಗಿದ ಮೇಲೆ ಉದುರುತ್ತದೆ.
ಇದು ಕಾರ್ಪೆಟ್ಟಿನೊಳಗೆ ಹೊಕ್ಕು
ಸಂಸಾರವನ್ನೇ ಹೂಡುತ್ತದೆ.

ಬುಧವಾರ ರಾತ್ರಿ, ಮಕ್ಕಳು ಮಲಗಿದ ಮೇಲೆ ಶುರು.
ನಿಜಗುಣನ ಎತ್ತರದ ಕುರ್ಚಿಯಲ್ಲಿ ವೀಟ್‌ಬಿಕ್ಸ್ ಒಣಗಿ ಸಿಮೆಂಟಾಗಿದೆ;
ಬೆಣ್ಣೆ ಚಾಕು ಹಿಡಿದು ಕೆತ್ತುತ್ತೇನೆ, ಲಕ್ಕುಂಡಿಯ ಶಿಲ್ಪಿಯ ಹಾಗೆ.
ಓವನ್ನಿನೊಳಗೆ ಪೇರಿಸಿದ್ದ ಬಾಣಲೆ ತವೆಗಳನ್ನು ಹೊರಗೆಳೆದೆ.
ಅದು ಬೇಯಿಸುವ ಯಂತ್ರವೆಂಬುದು
ವರ್ಷಕ್ಕೆ ನಾಲ್ಕು ಸಲ ನೆನಪಾಗುತ್ತದೆ.

ಬಿಳಿ ಕಟ್ಟೆಯ ಮೇಲೆ ಅರಿಶಿನದ ಕಲೆ.
ವಿನೆಗರ್ ಸೋತಿತು, ಸೋಡಾ ಸೋತಿತು.
ಅರಿಶಿನಕ್ಕೆ ಬಿಸಿಲೇ ಮದ್ದು, ಗೊತ್ತು;
ಸೀರೆಯಾಗಿದ್ದರೆ ತಂತಿಗೆ ಹಾಕಬಹುದಿತ್ತು,
ಕಟ್ಟೆಯನ್ನು ಹಿತ್ತಲಿಗೆ ಹೇಗೆ ಒಯ್ಯಲಿ?
ಕಿಟಕಿಯ ಪರದೆ ಮೇಲೆ ಸುತ್ತಿಟ್ಟೆ,
ಎಂಟರಿಂದ ಹತ್ತರವರೆಗೆ ಸೂರ್ಯನಿಗೂ ಒಂದು ಪಾಳಿ.

ಅವ್ವ ಹಬ್ಬಕ್ಕೆ ಮನೆ ತೊಳೆಯುತ್ತಿದ್ದಳು;
ಬಂದವರು ಕೂತು ಉಂಡು, ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದರು.
ಇದು ಯಾರೂ ಉಣ್ಣದ ಹಬ್ಬ.

ಆಸ್ಪತ್ರೆಯ ಆರು ವಾರ್ಡು ಒರೆಸಿ
ಒಂದು ಗಂಟೆಗೆ ಬಂದ ಶಿವಪುತ್ರನ ಕೈಗೆ
ನಾನು ಏನೂ ಹೇಳದೆ ಬಕೆಟ್ ಕೊಟ್ಟೆ.
ಅವನು ಏನೂ ಹೇಳದೆ ಬಚ್ಚಲಿಗೆ ನಡೆದ.
ನಮ್ಮಲ್ಲಿ ಇಂಥ ಮಾತುಕತೆ ಬಹಳ.

ಕೊನೆಗೆ ಕಸ. ಆಗಲೇ ಎರಡು ಹೊಡೆದಿತ್ತು.
ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ
ಲಕ್ಷ್ಮಿ ಹೋಗುತ್ತಾಳೆ, ಅವ್ವನ ಕಾನೂನು.
ಬಾಡಿಗೆ ಮನೆಯ ಲಕ್ಷ್ಮಿ ಯಾರ ಪಾಲಿನವಳೋ,
ಮಾಲೀಕರ ಜೊತೆ ಬ್ರಿಸ್ಬೇನಿನಲ್ಲೇ ಇರುತ್ತಾಳೇನೋ;
ಆದರೂ ಬಾಗಿಲ ಹಿಂದೆ ಗುಂಪೆ ಮಾಡಿ,
ಕಸಬರಿಗೆಯನ್ನು ಕಾವಲು ನಿಲ್ಲಿಸಿ ಮಲಗಿದೆ.

ಬೆಳಿಗ್ಗೆ ಉಳಿದದ್ದೆಲ್ಲ ಕಾರಿಗೆ:
ಮಡಚದ ಬಟ್ಟೆಯ ಎರಡು ಬುಟ್ಟಿ, ಕುಕ್ಕರು,
ಎಣ್ಣೆಜಿಡ್ಡಿನ ದೇವರ ಪೆಟ್ಟಿಗೆ, ಒಂಟಿ ಚಪ್ಪಲಿ,
ಓಜಸ್ವಿ ಶಾಲೆಯಲ್ಲಿ ಮೊಟ್ಟೆಯ ಡಬ್ಬಿಯಿಂದ ಮಾಡಿದ ಮೊಸಳೆ.
ಅದಕ್ಕೆ ಮೂಗಿಲ್ಲ. ಎಸೆದರೆ ಮನೆಯೇ ಮುಳುಗುವಷ್ಟು ಅಳುತ್ತಾಳೆ.

ಅವಳನ್ನು ಶಾಲೆಗೆ ಬಿಟ್ಟು
ಕ್ವೀನ್ಸ್ ಪಾರ್ಕಿನ ಬದಿಯಲ್ಲಿ ಕಾರು ನಿಲ್ಲಿಸಿ
ಬುಟ್ಟಿಗಳ ನಡುವೆ ನಿಜಗುಣನಿಗೆ ಮೊಸರನ್ನ ತಿನ್ನಿಸಿದೆ.
ಒಂದು ಅಗುಳು ಸೀಟಿನ ಸಂದಿಗೆ ಬಿತ್ತು. ಬೀಳಲಿ.
ಹತ್ತಾಯಿತು. ಹತ್ತೂಕಾಲು.
ಈಗ ಏಜೆಂಟ್ ಬ್ರೋನ್ವಿನ್ ನಮ್ಮ ಒಲೆಯ ಬಾಗಿಲು ತೆರೆಯುತ್ತಿರಬಹುದು.
ಅವಳನ್ನು ಒಮ್ಮೆ ಕಂಡಿದ್ದೆ, ಇಸ್ತ್ರಿ ಮಾಡಿದ ಕೋಟು,
ಭುಜದ ಮೇಲೆ ಮಗು ಕಕ್ಕಿದ ಹಾಲಿನ ಗುರುತು.
ಅವಳ ಮನೆ ನೋಡಲು ಯಾರು ಬರುತ್ತಾರೋ.

ಸಂಜೆ ವರದಿ ಬಂತು, ಮೂವತ್ತೊಂದು ಫೋಟೊ.
ಯಾರಿಗೂ ಹಸಿವಾಗದ ಅಡಿಗೆಮನೆ,
ಯಾರೂ ಬೆಚ್ಚಿ ಎದ್ದು ಅಳದ ಕೋಣೆ.
ಕಟ್ಟೆಯ ಕಲೆ ಮಸುಕು, ಸೂರ್ಯ ಅರ್ಧ ಕೆಲಸ ಮಾಡಿ ಹೋಗಿದ್ದ.
ಇಪ್ಪತ್ತೇಳನೆಯದರ ಕೆಳಗೆ ಟಿಪ್ಪಣಿ:
ಬಾಗಿಲ ಹಿಂದೆ ಸ್ವಲ್ಪ ಕಸ. ಉಳಿದಂತೆ ಅಚ್ಚುಕಟ್ಟು.

ಮರೆತೇ ಹೋಗಿತ್ತು.
ಬೆರಳಿನಿಂದ ಹಿಗ್ಗಿಸಿ ನೋಡಿದೆ:
ಕೆಂಪು ಮಣ್ಣು, ಜೀರಿಗೆಯ ನಾಲ್ಕು ಕಾಳು, ಪೆನ್ಸಿಲ್ ಸಿಪ್ಪೆ,
ನನ್ನ ಕೂದಲ ಉಂಡೆ, ಅದರಲ್ಲೊಂದು ಬಿಳಿ,
ಮತ್ತೆ, ತಿಂಗಳಿಂದ ಮನೆಮಂದಿಯೆಲ್ಲ ಹುಡುಕುತ್ತಿದ್ದ
ಮೊಸಳೆಯ ಮೂಗು.

ಮೂವತ್ತನ್ನು ಅಳಿಸಿ ಅದೊಂದನ್ನು ಉಳಿಸಿಕೊಂಡೆ.
ನಗಲಿ ಅಂತ ಅವ್ವನಿಗೂ ಕಳಿಸಿದೆ.
ಆಕೆ ಕನ್ನಡಕ ಹುಡುಕಿ ನೋಡಿರಬೇಕು,
ಬಹಳ ಹೊತ್ತಿನ ಮೇಲೆ ಧ್ವನಿ ಬಂತು:
"ಕಸಬರಗಿ ಹಂಗ ನಿಂದರಸ್ತಾರೇನವಾ? ಮಲಗಸು."