ವಿಳಂಬ ಮನ್ನಾ ಅರ್ಜಿ

ಚಾಮರಾಜಪುರಂನ ಹೆಂಚಿನ ಮನೆಯ ಆಫೀಸಿನಲ್ಲಿ
ಬಸವರಾಜೇ ಅರಸರು ಕನ್ನಡಕ ಒರೆಸುತ್ತ ಕೇಳಿದ್ದರು:
'ಮುನ್ಸಿಫ್ ಕೋರ್ಟಿನ ಡಿಕ್ರಿ. ಜಿಲ್ಲಾ ಕೋರ್ಟಿಗೆ ಅಪೀಲು.
ಎಷ್ಟು ದಿನ?'

ತೊಂಬತ್ತು ಅಂದೆ.
ತಡವರಿಸದೆ, ಬೆನ್ನು ನೆಟ್ಟಗಿಟ್ಟು.
ಅಷ್ಟು ಖಚಿತವಾಗಿ ನನ್ನ ಹೆಸರನ್ನೂ ನಾನು ಹೇಳಿರಲಿಲ್ಲ.
ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ,
ಕನ್ನಡಕ ಏರಿಸಿಕೊಂಡು
'ತಿಳಿಸ್ತೀವಿ' ಅಂದರು.

ರೈಲು ನಾಗನಹಳ್ಳಿ ದಾಟುವಾಗ ನೆನಪಾಯಿತು:
ಮೂವತ್ತು.
ತೊಂಬತ್ತು ಹೈಕೋರ್ಟಿಗೆ.
ಶ್ರೀರಂಗಪಟ್ಟಣದ ಹೊಳೆ ಮೇಲೆ ಗಾಡಿ ದಡದಡ ಅನ್ನುವುದೂ
ಮೂವತ್ತು ಮೂವತ್ತು ಅಂತಲೇ ಕೇಳಿತು.
ಸೀಬೆಹಣ್ಣಿನವಳು ಬುಟ್ಟಿ ಇಳಿಸಿ
'ಮೂವತ್ತಕ್ಕೆ ನಾಕು ಕಣವ್ವ' ಅಂದಾಗ
ಬೆಚ್ಚಿ ಕಿಟಕಿಯ ಕಡೆ ತಿರುಗಿದೆ.

ಇವತ್ತಿಗೆ ಹನ್ನೊಂದು ದಿನ.
ತಡವಾಗಿ ಬಂದವರು ಒಂದೊಂದು ದಿನಕ್ಕೂ
ಕಾರಣ ಕೊಡಬೇಕು ಅಂತ ಓದಿದ್ದೇನೆ.
ಕೊಡುತ್ತೇನೆ.

ಮೊದಲ ದಿನ, ನಾಚಿಕೆ.
ಎರಡನೇ ದಿನ, ಭಾನುವಾರ.
ಮೂರು, ನಾಲ್ಕು: ಅಮ್ಮ ತಡೆದಳು.
'ಹೆಣ್ಣು ನೋಡಕ್ಕೆ ಬಂದೋರ ಮನೆಗೆ
ನಾವೇ ಫೋನ್ ಮಾಡಿ ಒಪ್ಪಿದ್ರಾ ಅಂತ ಕೇಳ್ತೀವಾ?
ಸದರ ಆಗೋಯ್ತದೆ.'
'ಇದು ಕೆಲಸ ಕಣಮ್ಮ.'
'ಅದೇನು ಕೆಲ್ಸ ಅಲ್ವಾ?' ಅಂದಳು
ಮೊರದಲ್ಲಿ ಅಕ್ಕಿ ಕೇರುತ್ತ.

ಐದನೇ ದಿನಕ್ಕೆ ಕಾರಣವಿಲ್ಲ.
ಹಾಗಂತಲೇ ಬರೆದುಕೊಳ್ಳಿ, ಕಾರಣವಿಲ್ಲ.
ಫೋನನ್ನು ಕವುಚಿಟ್ಟೆ, ಮತ್ತೆ ಮಗುಚಿದೆ,
ಎರಡೂ ಕಡೆ ಬೇಯುವವರೆಗೆ.

ಆರನೇ ದಿನ, ಮಂಡ್ಯ ಕೋರ್ಟಿನೆದುರು ಹೊಂಗೆ ಮರದಡಿ
ಟೈಪಿಸ್ಟ್ ದೇವೀರಯ್ಯನ ಮುಂದೆ ಕೂತೆ.
'ಒಂದ್ ಪತ್ರ, ಅಷ್ಟೇ. ಥ್ಯಾಂಕ್ಸ್ ಹೇಳೋದು,
ಹಂಗೇ ಒಂಚೂರು ನೆನಪು ಮಾಡೋದು.'
ಮೂವತ್ತೆಂಟು ವರ್ಷ ಕಂಡವರ ಸಂಕಟ ಬಡಿದ ಬೆರಳು
ಪೂರ್ತಿ ಕೇಳಿಸಿಕೊಳ್ಳದೆ ಓಡಿತು:
ತಮ್ಮ ಸನ್ನಿಧಾನದಲ್ಲಿ ಬಡ ಅರ್ಜಿದಾರಳು
ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ…
ಕೊನೆಯಲ್ಲಿ 'ಪ್ರಾರ್ಥನೆ' ಅಂತ ಹೊಡೆದು, ಅಡಿಗೆರೆ ಎಳೆದು
ಸರ್ರನೆ ಕಾಗದ ಕಿತ್ತುಕೊಟ್ಟ.
ದುಡ್ಡು ಮುಟ್ಟಲಿಲ್ಲ.
'ಕೆಲ್ಸ ಆಗ್ಲಿ ಕೊಡೀವಂತೆ,
ನಿನ್ನ ಮೊದಲ್ನೇ ಅಪೀಲು ನಾನೇ ಬಡೀಬೇಕು.'

ಏಳು, ಎಂಟು, ಒಂಬತ್ತು ಅದನ್ನೇ ತಿದ್ದಿದೆ.
'ಬಡ' ಹೊಡೆದೆ, 'ಅತ್ಯಂತ' ಹೊಡೆದೆ,
'ಸನ್ನಿಧಾನ' ಒಂದು ರಾತ್ರಿ ಉಳಿದಿತ್ತು
ಬೆಳಿಗ್ಗೆ ಅದೂ ಹೋಯಿತು.
'ಧನ್ಯವಾದಗಳು' ಅಂತ ಬರೆದರೆ
ಮೈಕಿನ ಮುಂದೆ ನಿಂತು ಸಭೆ ಮುಗಿಸಿದ ಹಾಗೆ.
ಹೊಳಲಿನಲ್ಲಿ ಯಾರು ಯಾರಿಗೆ ಅದನ್ನು ಅಂದಿದ್ದಾರೆ?
ಸಾರು ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವುದಿಲ್ಲ,
ಒಂದಚ್ಚು ಬೆಲ್ಲ ಹಾಕಿ ಕೊಡುತ್ತಾರೆ,
ಮಾತಿಲ್ಲದೆ.

ನನ್ನ ಹತ್ತಿರ ಹಾಕಿ ಕೊಡಲು ಇದ್ದದ್ದು ಇಷ್ಟು:
'ಸರ್, ಮೂವತ್ತು ದಿನ. ಅವತ್ತು ತಪ್ಪು ಹೇಳಿದೆ.
ಬಿ. ಸುಕನ್ಯ, ಹೊಳಲು.'
ಹತ್ತನೇ ದಿನ ಅಂಚೆಗೆ ಬಿತ್ತು.

ಇವತ್ತು ಫೋನ್ ಮಾಡಿದ್ದೇನೆ.
ಎತ್ತಿದವರು ಗುಮಾಸ್ತ ಸೋಮಾಚಾರಿ.
ಹೆಸರು ಹೇಳಿದೆ, ಊರು ಹೇಳಿದೆ, ಇಂಟರ್‌ವ್ಯೂ ಅಂದೆ.
ಸ್ವಲ್ಪ ಹೊತ್ತು ಹುಡುಕಿದರು ತಲೆಯೊಳಗೆ.
'ಓ, ತೊಂಬತ್ತು ಅಂದೋರಾ?'
ಮೈಸೂರಿನಲ್ಲಿ ನನಗೊಂದು ಹೆಸರು ಬಂದಿದೆ.
'ಹೂಂ ಸರ್, ಅವಳೇ.
ಮೂವತ್ತು ಅಂತ ಕಾಗದ ಬರೆದೋಳೂ ನಾನೇ.
ಬಂತಾ?'

'ತಡೀರಿ' ಅಂದರು.

ಫೋನು ಮೇಜಿನ ಮೇಲೆ ಕೂತ ಸದ್ದು.
ಫ್ಯಾನು. ಹೊರಗೆ ಯಾವುದೋ ಆಟೋ ಹಿಂದಕ್ಕೆ ಬರುತ್ತಿದೆ.
ಚಪ್ಪಲಿ ಒಳಮನೆಗೆ ಹೋಯಿತು, ಬಂತು.
ಈಗ ಏನೋ ಹರಿದರು:
ಲಕೋಟೆಯೋ, ಒಳಗಿನ ಕಾಗದವೋ
ಇಲ್ಲಿಂದ ಗೊತ್ತಾಗುವುದಿಲ್ಲ.

ತಡೆದಿದ್ದೇನೆ.